ಫುಡ್ ಪ್ರೊಸೆಸರ್‌ನಲ್ಲಿ ಬ್ರೆಡ್ ಹಿಟ್ಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹೊಸದಾಗಿ ಫುಡ್ ಪ್ರೊಸೆಸರ್ ತಂದಿದ್ದೇವೆ. ಚಪಾತಿ ಹಿಟ್ಟು ಚೆನ್ನಾಗಿ ಬರುತ್ತದೆ. ಬ್ರೆಡ್ಡಿನ ಹಿಟ್ಟನ್ನೂ ಅದರಲ್ಲೇ ನಾದಬಹುದೇ? ಅಳತೆ, ಕ್ರಮ ತಿಳಿಸಿ. (ಹುಬ್ಬಳ್ಳಿ)

ಧಾರಾಳವಾಗಿ ನಾದಬಹುದು. ಕೈಯಲ್ಲಿ ಹತ್ತು ಹನ್ನೆರಡು ನಿಮಿಷ ಹಿಡಿಯುವ ಕೆಲಸ ಇದರಲ್ಲಿ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಆದರೆ ಚಪಾತಿ ಹಿಟ್ಟು ಒಂದು ಮುದ್ದೆಯಾಗಿ ಕೂಡಿಕೊಂಡರೆ ಸಾಕು, ಬ್ರೆಡ್ಡಿಗೆ ಅದು ಸಾಲದು. ಎಳೆದರೆ ಹರಿಯದೆ ತೆಳ್ಳಗೆ ಪೊರೆಯಂತೆ ಹಿಗ್ಗುವ ಹದ ಬರಬೇಕು.

2ರಿಂದ 2.5 ಲೀಟರ್ ಬೌಲ್‌ಗೆ ಒಂದು ಸಲಕ್ಕೆ ಹೀಗೆ ತೂಗಿಕೊಳ್ಳಿ: ಮೈದಾ 300 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 3 ಗ್ರಾಂ, ಉಪ್ಪು 6 ಗ್ರಾಂ, ಸಕ್ಕರೆ 10 ಗ್ರಾಂ, ಎಣ್ಣೆ 15 ಗ್ರಾಂ, ತಣ್ಣೀರು 185 ಗ್ರಾಂ. ನೀರನ್ನೂ ತೂಗಿಯೇ ಹಾಕಿ. ಲೋಟದ ಅಳತೆಯಲ್ಲಿ ಹತ್ತಿಪ್ಪತ್ತು ಗ್ರಾಂ ಆಚೀಚೆ ಆಗುವುದು ಸುಲಭ, ಅಷ್ಟಕ್ಕೇ ಹಿಟ್ಟಿನ ಸ್ವಭಾವ ಬದಲಾಗುತ್ತದೆ.

ಮೊದಲು ಒಣ ಸಾಮಾನೆಲ್ಲ ಹಾಕಿ ಎರಡು ಮೂರು ಸಲ ಪಲ್ಸ್ ಮಾಡಿ, ಅಂದರೆ ಕ್ಷಣ ಹೊತ್ತು ಓಡಿಸಿ ನಿಲ್ಲಿಸಿ. ಆಮೇಲೆ ಯಂತ್ರವನ್ನು ಕಡಿಮೆ ವೇಗದಲ್ಲಿ ಓಡಲು ಬಿಟ್ಟು, ಮುಚ್ಚಳದ ಕೊಳವೆಯಿಂದ ನೀರನ್ನು ಸಣ್ಣ ಧಾರೆಯಾಗಿ ಅರ್ಧ ನಿಮಿಷದಲ್ಲಿ ಇಳಿಸಿ, ಕೊನೆಗೆ ಎಣ್ಣೆ. ಒಮ್ಮೆಲೇ ಸುರಿದರೆ ನೀರು ಹಿಟ್ಟಿಗೆ ಸೇರುವ ಮೊದಲೇ ಬ್ಲೇಡಿನ ಬುಡಕ್ಕೆ ಇಳಿದು ಅಲ್ಲಿ ಅಂಟಾಗಿ ಕೂರುತ್ತದೆ. ಹಿಟ್ಟು ಉಂಡೆಕಟ್ಟಿ ಬೌಲಿನ ಸುತ್ತ ತಿರುಗಲು ಶುರುವಾದ ಮೇಲೆ 40-45 ಸೆಕೆಂಡ್ ಸಾಕು. ನಡುವೆ ಒಮ್ಮೆ ನಿಲ್ಲಿಸಿ ಮುಟ್ಟಿ ನೋಡಿ. ಅಂಚಿನಲ್ಲಿ ಪುಡಿ ಉಳಿದಿದ್ದರೆ ಒಂದು ಚಮಚ ನೀರು, ಉಂಡೆ ಕಟ್ಟದೆ ಗೋಡೆಗೆ ಬಳಿದುಕೊಳ್ಳುತ್ತಿದ್ದರೆ ಒಂದು ಚಮಚ ಮೈದಾ. ಹೊರಗೆ ತೆಗೆದು ಕೈಯಲ್ಲಿ ಏಳೆಂಟು ಸಲ ಮಡಚಿ ನಾದಿ. ಬ್ಲೇಡು ಹಿಟ್ಟನ್ನು ಕತ್ತರಿಸುತ್ತಾ ನಾದುತ್ತದೆ, ಈ ಮಡಿಕೆಗಳಿಂದ ಹಿಟ್ಟಿನ ಅಂಟಿನ (ಗ್ಲುಟನ್) ಎಳೆಗಳು ಒಂದು ದಿಕ್ಕಿಗೆ ಕೂಡಿಕೊಳ್ಳುತ್ತವೆ.

ಎಣ್ಣೆ ಸವರಿದ ಪಾತ್ರೆಯಲ್ಲಿ ಮುಚ್ಚಿಟ್ಟರೆ ಒಂದರಿಂದ ಒಂದೂವರೆ ಗಂಟೆಯಲ್ಲಿ ಎರಡರಷ್ಟಾಗುತ್ತದೆ. ಗಾಳಿ ತೆಗೆದು, ಸುರುಳಿ ಸುತ್ತಿ, 20×10 ಸೆಂ.ಮೀ. ಟಿನ್ನಿನಲ್ಲಿಟ್ಟು, ಅಂಚಿಗಿಂತ ಒಂದು ಬೆರಳು ಮೇಲೆದ್ದ ಮೇಲೆ 190 ಡಿಗ್ರಿಯಲ್ಲಿ 30-35 ನಿಮಿಷ ಬೇಯಿಸಿ. ಒಣದ್ರಾಕ್ಷಿ, ಗೋಡಂಬಿ ಹಾಕುವುದಿದ್ದರೆ ಕೈಯಲ್ಲಿ ಮಡಚುವಾಗ ಹಾಕಿ. ಬೌಲಿಗೆ ಹಾಕಿದರೆ ಚೂರುಚೂರಾಗಿ ಹಿಟ್ಟೆಲ್ಲ ಕಂದಾಗುತ್ತದೆ.

ಪ್ರಶ್ನೆ: ನಾದಿದ ಹಿಟ್ಟು ಬೆಚ್ಚಗಾಗಿ ಅಂಟಂಟಾಗುತ್ತದೆ. ಬೇಗ ಉಬ್ಬುತ್ತದೆ, ಆದರೆ ಬ್ರೆಡ್ ಹುಳಿ ವಾಸನೆ, ಮೇಲೆಲ್ಲ ಬಿರುಕು. ಯಂತ್ರದ ಬಿಸಿಗೆ ಯೀಸ್ಟ್ ಸಾಯುತ್ತಿದೆಯೇ? (ಕಲಬುರಗಿ)

ಸಾಯುತ್ತಿಲ್ಲ. ಯೀಸ್ಟ್ ಸಾಯಲು 55-60 ಡಿಗ್ರಿ ಬೇಕು, ನಿಮ್ಮ ಹಿಟ್ಟು ಅಲ್ಲಿಗೆ ಮುಟ್ಟಿರುವುದಿಲ್ಲ. ಸತ್ತಿದ್ದರೆ ಉಬ್ಬುತ್ತಲೂ ಇರಲಿಲ್ಲ. ಆಗುತ್ತಿರುವುದು ಇದರ ತದ್ವಿರುದ್ಧ: 33-35 ಡಿಗ್ರಿಯ ಹಿಟ್ಟಿನಲ್ಲಿ ಯೀಸ್ಟ್ ಮಿತಿಮೀರಿ ಚುರುಕಾಗಿದೆ. ರುಚಿ ಬಲಿಯುವ ಮೊದಲೇ ಗಾಳಿ ತುಂಬಿ, ಹಿಟ್ಟು ಸಡಿಲಾಗಿ, ಆಕಾರ ಕೊಡುವಾಗ ಮೇಲ್ಮೈ ಹರಿಯುತ್ತದೆ. ಪ್ರೊಸೆಸರ್‌ನಲ್ಲಿ ಬ್ರೆಡ್ ಕೆಡುವುದಕ್ಕೆ ಬಹುಪಾಲು ಈ ಬಿಸಿಯೇ ಕಾರಣ. ಆದ್ದರಿಂದ ಗಡಿಯಾರದಷ್ಟೇ ಮುಖ್ಯ ಥರ್ಮಾಮೀಟರ್. ನಾದಿ ತೆಗೆದ ಹಿಟ್ಟು 24ರಿಂದ 27 ಡಿಗ್ರಿಯೊಳಗೆ ಇರಬೇಕು.

ಅದನ್ನು ಹಿಡಿತದಲ್ಲಿಡುವ ಉಪಾಯ ನೀರಿನಲ್ಲಿದೆ. ಬೇಕರಿಯವರು ಹಾಕುವ ಲೆಕ್ಕ ಹೀಗಿದೆ. ಬೇಕಾದ ಉಷ್ಣತೆ 26 ಎಂದಿಟ್ಟುಕೊಂಡು ಮೂರರಿಂದ ಗುಣಿಸಿ, 78. ಅದರಿಂದ ಮೈದಾದ ಉಷ್ಣತೆ, ಅಡುಗೆಮನೆಯ ಉಷ್ಣತೆ, ಯಂತ್ರದ ತಿಕ್ಕಾಟದ ಬಿಸಿ ಮೂರನ್ನೂ ಕಳೆಯಿರಿ. ಉಳಿದದ್ದು ನೀರಿನ ಉಷ್ಣತೆ. ತಿಕ್ಕಾಟದ ಅಂಕಿ ಯಂತ್ರದಿಂದ ಯಂತ್ರಕ್ಕೆ ಬೇರೆ. ಒಂದು ಸಲ ನಾದಿ ಹಿಟ್ಟಿನ ಉಷ್ಣತೆ ಅಳೆದು, ಅದರ ಮೂರರಷ್ಟರಿಂದ ಮೈದಾ, ಕೋಣೆ, ನೀರಿನ ಉಷ್ಣತೆಗಳನ್ನು ಕಳೆದರೆ ನಿಮ್ಮ ಯಂತ್ರದ ಅಂಕಿ ಸಿಗುತ್ತದೆ. ಮೈದಾ 30, ಕೋಣೆ 30, ನೀರು 10 ಇದ್ದು ಹಿಟ್ಟು 28 ಬಂತು ಅನ್ನಿ: 84ರಲ್ಲಿ 70 ಕಳೆದರೆ 14. ಹಾಗಾದರೆ ಮುಂದಿನ ಸಲ ಅದೇ ಕೋಣೆಯಲ್ಲಿ 26 ಬೇಕಿದ್ದರೆ ನೀರು 4 ಡಿಗ್ರಿ ಇರಬೇಕು. ಐಸ್ ಹಾಕಿದ ನೀರನ್ನು ಸೋಸಿ ತೂಗಿಕೊಳ್ಳಿ.

ನಿಮ್ಮ ಕಡೆಯ ಮೇ ತಿಂಗಳಿಗೆ ಇದೂ ಸಾಲದು. ಕೋಣೆ 38, ಮೈದಾ 36 ಇದ್ದರೆ ಲೆಕ್ಕ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಕ್ಕೆ ಹೋಗುತ್ತದೆ, ಅಂಥ ನೀರು ಇಲ್ಲ. ಆಗ ಮೈದಾವನ್ನು ಹಿಂದಿನ ರಾತ್ರಿಯೇ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. 8 ಡಿಗ್ರಿಯ ಮೈದಾ ಇದ್ದರೆ 18 ಡಿಗ್ರಿಯ ನೀರು ನಡೆಯುತ್ತದೆ. ಇದು ಅಂದಾಜಿನ ಲೆಕ್ಕ, ನೀರು ಇನ್ನೂ ನಾಲ್ಕೈದು ಡಿಗ್ರಿ ತಣ್ಣಗಿದ್ದರೆ ನಷ್ಟವಿಲ್ಲ. ಬೌಲು, ಬ್ಲೇಡುಗಳನ್ನೂ ಹತ್ತು ನಿಮಿಷ ತಣ್ಣಗಿಡಿ. ಇಷ್ಟಾದರೂ ಹಿಟ್ಟು 30 ದಾಟಿದರೆ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಮುಚ್ಚಿ, ಕಾಲು ಗಂಟೆ ಫ್ರಿಜ್ಜಿಗೆ ಸೇರಿಸಿ.

ಒಂದು ಎಚ್ಚರಿಕೆ. ದಪ್ಪ ಕಾಳಿನ ಆಕ್ಟಿವ್ ಡ್ರೈ ಯೀಸ್ಟ್ ಬಳಸುವವರು ಅದನ್ನು ನೇರವಾಗಿ ತಣ್ಣೀರಿಗೆ ಒಡ್ಡಬಾರದು. ಒಟ್ಟು ನೀರಿನಲ್ಲೇ 40 ಗ್ರಾಂ ಎತ್ತಿಟ್ಟು, 40 ಡಿಗ್ರಿಗೆ ಬೆಚ್ಚಗೆ ಮಾಡಿ, ಚಿಟಿಕೆ ಸಕ್ಕರೆಯೊಂದಿಗೆ ಹತ್ತು ನಿಮಿಷ ನೊರೆ ಬರಿಸಿ. ಉಳಿದ ನೀರು ಐಸಿನಷ್ಟೇ ತಣ್ಣಗಿರಲಿ.

ಪ್ರಶ್ನೆ: ಸ್ಟೀಲ್ ಬ್ಲೇಡೋ, ಜೊತೆಗೆ ಕೊಟ್ಟ ಪ್ಲಾಸ್ಟಿಕ್ ಬ್ಲೇಡೋ? ಮಿಕ್ಸಿ ಜಾರಿನಲ್ಲಿ ಆಗುವುದಿಲ್ಲವೇ? (ಮೈಸೂರು)

ಯಂತ್ರದ ಕೈಪಿಡಿ ಹಿಟ್ಟಿಗೆ ಒಂದೇ ಬ್ಲೇಡ್ ಹೇಳಿದ್ದರೆ ಅದನ್ನೇ ಹಾಕಿ. ಎರಡಕ್ಕೂ ಅವಕಾಶವಿದ್ದರೆ 300 ಗ್ರಾಂನಂಥ ಸಣ್ಣ ಪ್ರಮಾಣಕ್ಕೆ ಸ್ಟೀಲ್ ಒಳ್ಳೆಯದು. ಮೊಂಡಾದ ಪ್ಲಾಸ್ಟಿಕ್ ಬ್ಲೇಡಿನ ತುದಿ ಅನೇಕ ಬೌಲುಗಳಲ್ಲಿ ಗೋಡೆಯವರೆಗೆ ತಲುಪುವುದಿಲ್ಲ, ಹಿಟ್ಟು ಕಡಿಮೆಯಿದ್ದರೆ ಅಂಚಿನದ್ದು ಹಾಗೇ ಉಳಿಯುತ್ತದೆ. ದೊಡ್ಡ ಬೌಲಿನಲ್ಲಿ ಅರ್ಧ ಕಿಲೋ ಮೇಲೆ ನಾದುವಾಗ ಪ್ಲಾಸ್ಟಿಕ್ ಸರಿ. ಮಿಕ್ಸಿ ಜಾರು ಬೇಡ. ಅದರ ಬ್ಲೇಡು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ಹಿಟ್ಟನ್ನು ನಾದುವ ಬದಲು ಹರಿಯುತ್ತದೆ, ಕ್ಷಣದಲ್ಲಿ ಬಿಸಿಯೂ ಮಾಡುತ್ತದೆ.

ಪ್ರಶ್ನೆ: ಗಿರಣಿಯ ಗೋಧಿಹಿಟ್ಟಿನಲ್ಲಿ ಮಾಡಿದ ಬ್ರೆಡ್ ಇಟ್ಟಿಗೆಯಂತಾಗುತ್ತದೆ. ಹೆಚ್ಚು ಹೊತ್ತು ನಾದಿದರೂ ಪ್ರಯೋಜನವಿಲ್ಲ. (ಶಿವಮೊಗ್ಗ)

ಹೆಚ್ಚು ಹೊತ್ತು ನಾದಿದ್ದೇ ತೊಂದರೆಯ ಅರ್ಧ ಭಾಗ. ಗೋಧಿಹಿಟ್ಟಿನ ತೌಡು ಅಂಟಿನ ಎಳೆಗಳನ್ನು ಕೊಯ್ಯುತ್ತಿರುತ್ತದೆ, ಅದರ ಮೇಲೆ ಬ್ಲೇಡೂ ಕೊಯ್ದರೆ ಉಳಿಯುವುದೇನು? ಇನ್ನರ್ಧ ನೀರಿನದು. ಮೈದಾದ ಅಳತೆಯ ನೀರು ಇಲ್ಲಿ ಸಾಲುವುದಿಲ್ಲ. ಗಿರಣಿ ಹಿಟ್ಟು ನೂರು ಗ್ರಾಂಗೆ 75 ಗ್ರಾಂ ನೀರು ಹಿಡಿಯುತ್ತದೆ, ಕೆಲವೊಮ್ಮೆ 80.

300 ಗ್ರಾಂ ಹಿಟ್ಟಿಗೆ 225 ಗ್ರಾಂ ತಣ್ಣೀರು ಸೇರಿಸಿ 15-20 ಸೆಕೆಂಡ್ ಮಾತ್ರ ಓಡಿಸಿ. ಉಪ್ಪು, ಯೀಸ್ಟ್ ಈಗಲೇ ಬೇಡ. ಮುಚ್ಚಳ ಹಾಕಿ 25 ನಿಮಿಷ ಬಿಡಿ. ತೌಡು ನೀರು ಕುಡಿದು ಮೆತ್ತಗಾಗುತ್ತದೆ, ಎಳೆಗಳು ನಾದದೆಯೇ ತಾವಾಗಿ ಕೂಡುತ್ತವೆ, ಯಂತ್ರವೂ ತಣಿಯುತ್ತದೆ. ಆಮೇಲೆ ಇನ್‌ಸ್ಟಂಟ್ ಯೀಸ್ಟ್, ಉಪ್ಪು, ಎಣ್ಣೆ ಹಾಕಿ 25-30 ಸೆಕೆಂಡ್ ನಾದಿ ನಿಲ್ಲಿಸಿ. ಹಿಟ್ಟು ಹೊಳಪಾಗಿ, ಮತ್ತೆ ಅಂಟಾಗಿ, ಎತ್ತಿದರೆ ಜೋತುಬಿದ್ದು ಹರಿದರೆ ಅತಿಯಾಯಿತು ಎಂದರ್ಥ. ಅದನ್ನು ಮತ್ತೆ ಬ್ರೆಡ್ಡಿನ ಹದಕ್ಕೆ ತರಲಾಗದು, ಲಟ್ಟಿಸಿ ಕಾವಲಿ ಮೇಲೆ ಕುಲ್ಚಾ ಮಾಡಿಬಿಡಿ. ಅಂಗಡಿಯಲ್ಲಿ ಸಿಗುವ ಗ್ಲುಟನ್ ಪುಡಿ 15 ಗ್ರಾಂ ಬೆರೆಸಿ ಅಷ್ಟೇ ನೀರು ಹೆಚ್ಚಿಸಿದರೆ ಇನ್ನಷ್ಟು ಎತ್ತರ ಬರುತ್ತದೆ. ರಾಗಿಹಿಟ್ಟು ಬೆರೆಸುವವರು ಒಟ್ಟಿನ ಐದನೇ ಒಂದು ಭಾಗ ದಾಟಬೇಡಿ, ರಾಗಿಯಲ್ಲಿ ಈ ಅಂಟು ಇಲ್ಲವೇ ಇಲ್ಲ.

ಪ್ರಶ್ನೆ: ಮೈದಾದ ಅಳತೆಯನ್ನೇ ಇಲ್ಲಿನ ಆಲ್ ಪರ್ಪಸ್ ಹಿಟ್ಟಿಗೆ ಹಾಕಿದರೆ ಗಟ್ಟಿಯಾಗಿ ಯಂತ್ರ ಮುಕ್ಕರಿಯುತ್ತದೆ. (ಟೊರಾಂಟೊ)

ಕೆನಡಾದ ಆಲ್ ಪರ್ಪಸ್ ಹಿಟ್ಟು ಗಟ್ಟಿ ಗೋಧಿಯದು, ನಮ್ಮ ಮೈದಾಕ್ಕಿಂತ ಪ್ರೋಟೀನ್ ಹೆಚ್ಚು. 300 ಗ್ರಾಂಗೆ 200ರಿಂದ 205 ಗ್ರಾಂ ನೀರು ಹಾಕಿ. ನಾದುವ ಹೊತ್ತು ಅಷ್ಟೇ ಇರಲಿ.

ಪ್ರಶ್ನೆ: ನಾದುವಾಗ ನಡುವೆ ಯಂತ್ರ ನಿಂತುಹೋಗುತ್ತದೆ, ಹಿಟ್ಟು ಬ್ಲೇಡಿನ ಕೆಳಗೆ ನುಗ್ಗಿರುತ್ತದೆ. ಇನ್ನೊಂದು, ಮಂಗಳೂರು ಬನ್ಸ್ ಹಿಟ್ಟನ್ನೂ ಹೀಗೇ ಮಾಡಬಹುದೇ? (ಮಂಗಳೂರು)

ಮೋಟಾರಿಗೆ ಭಾರ ಹೆಚ್ಚಾದಾಗ ಒಳಗಿನ ರಕ್ಷಕ ಸ್ವಿಚ್ ಕರೆಂಟ್ ಕಡಿಯುತ್ತದೆ. ಪ್ಲಗ್ ತೆಗೆದು ಇಪ್ಪತ್ತು ನಿಮಿಷ ತಣಿಯಲು ಬಿಟ್ಟು, ಅನೇಕ ಯಂತ್ರಗಳ ತಳದಲ್ಲಿರುವ ಕೆಂಪು ಗುಂಡಿ ಒತ್ತಿ. ಪದೇ ಪದೇ ಹೀಗಾದರೆ ಒಣ ಹಿಟ್ಟನ್ನು 250 ಗ್ರಾಂಗೆ ಇಳಿಸಿ. ವೇಗ ತಗ್ಗಿದ ಸದ್ದು ಕೇಳಿದ ಕೂಡಲೇ ನಿಲ್ಲಿಸಿ, ಉಂಡೆಯನ್ನು ಎರಡು ಭಾಗ ಮಾಡಿ ಒಂದೊಂದಾಗಿ ನಾದಿ. ಕೆಳಗೆ ನುಗ್ಗಿದ ಹಿಟ್ಟನ್ನು ಒಣಗಲು ಬಿಡದೆ, ಬ್ಲೇಡು ಕಳಚಿ ತಣ್ಣೀರಿನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಬಿಸಿನೀರು ಹಾಕಿದರೆ ಹಿಟ್ಟು ಬೆಂದು ಅಲ್ಲೇ ಅಂಟುತ್ತದೆ.

ಬನ್ಸ್‌ಗೆ ಯೀಸ್ಟ್ ಇಲ್ಲ, ಸೋಡಾ ಮತ್ತು ಮೊಸರಿನ ಕೆಲಸ, ಹಾಗಾಗಿ ನಾದುವಿಕೆ ಬೇಕಿಲ್ಲ. ಕಳಿತ ಬಾಳೆಹಣ್ಣು, ಸಕ್ಕರೆ, ಮೊಸರು, ಉಪ್ಪು, ಸೋಡಾ, ಜೀರಿಗೆಯನ್ನು ಬೌಲಿನಲ್ಲಿ ನುಣ್ಣಗೆ ಮಾಡಿ, ಮೈದಾ ಹಾಕಿ ಕೂಡಿಕೊಳ್ಳುವವರೆಗೆ ಪಲ್ಸ್ ಮಾಡಿ, ಅಷ್ಟೇ. ಹೆಚ್ಚು ತಿರುಗಿಸಿದರೆ ಕರಿದ ಬನ್ಸ್ ಜಗಿಯುವಂತಾಗುತ್ತದೆ. ಹಿಟ್ಟು ಅಂಟಾಗಿದ್ದರೂ ಮೈದಾ ಸುರಿಯಬೇಡಿ, ಎಣ್ಣೆ ಸವರಿ ರಾತ್ರಿಯಿಡೀ ಮುಚ್ಚಿಡಿ, ಬೆಳಿಗ್ಗೆ ಲಟ್ಟಿಸಲು ಬರುತ್ತದೆ.