ಹೊರಡುವ ಮುಂಚೆ ಮಾನಸಗಂಗೋತ್ರಿಗೆ ಹೋಗಿಬನ್ನಿ

ಆಗಸ್ಟ್‌ನಲ್ಲಿ ಮಂಡ್ಯದಿಂದ ಅಮೆರಿಕಕ್ಕೆ ಬರುತ್ತಿದ್ದೀರಿ. ಎಂಟು ವರ್ಷದ ಮಗಳಿಗೆ ಕಿವಿ ಸರಿಯಾಗಿ ಕೇಳಿಸುತ್ತದೆ, ಆದರೆ ಗದ್ದಲದಲ್ಲಿ ಹೇಳಿದ್ದು ತಲೆಗೆ ಹತ್ತುವುದಿಲ್ಲ, ಓದು ಹಿಂದೆ ಬಿದ್ದಿದೆ. ಇದು ಆಡಿಟರಿ ಪ್ರೊಸೆಸಿಂಗ್ ತೊಂದರೆ ಇರಬಹುದು, ಅಂದರೆ ಕಿವಿಗೆ ಬಿದ್ದ ಸದ್ದನ್ನು ಮಿದುಳು ಬಿಡಿಸಿಕೊಳ್ಳುವುದರಲ್ಲಿನ ತೊಡಕು. ಇಲ್ಲಿನ ಸ್ಕೂಲಲ್ಲಿ ಸಹಾಯ ಸಿಗುತ್ತದಾ ಅಂತ ಕೇಳಿದ್ದೀರಿ. ಸಿಗುತ್ತದೆ. ಆದರೆ ಅದಕ್ಕೆ ಬೇಕಾದ ಮುಖ್ಯ ಕಾಗದ ಸಿಗುವುದು ನಿಮ್ಮಿಂದ ಸುಮಾರು 45 ಕಿ.ಮೀ. ದೂರದ ಮೈಸೂರಲ್ಲಿ.

ಮಗು ಇಲ್ಲಿ ತಪ್ಪಾಗಿ ಕೇಳಿಸಿಕೊಂಡರೆ ‘ಇಂಗ್ಲಿಷ್ ಹೊಸದು, ಒಂದು ವರ್ಷ ನೋಡೋಣ’ ಅನ್ನುತ್ತಾರೆ. ಕನ್ನಡದಲ್ಲೂ ಅದೇ ತೊಂದರೆ ಇದೆ ಅಂತ ತೋರಿಸಲು ಕನ್ನಡದಲ್ಲೇ ಪರೀಕ್ಷೆ ಆಗಿರಬೇಕು. ಅದನ್ನು ಮಾಡುವವರು ಇಲ್ಲಿ ಸಿಗುವುದು ಕಷ್ಟ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಮೊದಲು ಎಷ್ಟು ಸಣ್ಣ ಸದ್ದು ಕೇಳಿಸುತ್ತದೆ ಅಂತ ನೋಡುವ ಆಡಿಯೋಗ್ರಾಮ್ ಮತ್ತು ಕಿವಿತಮಟೆ, ನಡುಗಿವಿ ನೋಡುವ ಟಿಂಪನೋಮೆಟ್ರಿ ಮಾಡಿ, ಕಿವಿಯಲ್ಲೇ ದೋಷವಿಲ್ಲ ಅಂತ ಖಚಿತಪಡಿಸಿಕೊಳ್ಳುತ್ತಾರೆ. ಆಮೇಲೆ ಗದ್ದಲದಲ್ಲಿ ಮಾತು ಹಿಡಿಯುವ ಪರೀಕ್ಷೆ, ಎರಡೂ ಕಿವಿಗೆ ಒಟ್ಟಿಗೆ ಬೇರೆ ಬೇರೆ ಸದ್ದು ಕೊಡುವ ಡೈಕಾಟಿಕ್, ಸದ್ದಿನ ನಡುವಿನ ಕೆಲವೇ ಮಿಲಿಸೆಕೆಂಡ್ ಬಿಡುವನ್ನು ಗುರುತಿಸುವ ಗ್ಯಾಪ್ ಡಿಟೆಕ್ಷನ್ ಮಾಡಿ ಅಂತ ಕೇಳಿ. ಕೊನೆಯದಕ್ಕೆ ಭಾಷೆಯ ಹಂಗಿಲ್ಲ, ಇಲ್ಲಿನ ಆಡಿಯಾಲಜಿಸ್ಟ್‌ಗೂ (ಶ್ರವಣ ತಜ್ಞರಿಗೂ) ಆ ಅಂಕಿ ಅರ್ಥವಾಗುತ್ತದೆ. ನೆಗಡಿ ಇರುವಾಗ ಹೋಗಬೇಡಿ. ಬೆಳಿಗ್ಗೆಯೇ ಹೋಗಿ, ದಣಿದ ಮಗುವಿನ ಅಂಕ ತಾನಾಗಿ ಇಳಿಯುತ್ತದೆ. ರಿಪೋರ್ಟ್ ಇಂಗ್ಲಿಷಲ್ಲಿರಲಿ, ಪ್ರತಿ ಪರೀಕ್ಷೆಯ ಅಂಕದ ಪಕ್ಕದಲ್ಲೇ ಆ ವಯಸ್ಸಿಗೆ ಇರಬೇಕಾದ ಅಂಕವೂ ಇರಲಿ.

ಇಲ್ಲಿಗೆ ಬಂದ ಮೇಲೆ ಬಾಯಿಮಾತಲ್ಲಿ ಕೇಳಬೇಡಿ. ವಿಶೇಷ ಶಿಕ್ಷಣದ ಮೌಲ್ಯಮಾಪನ ಬೇಕು ಅಂತ ಪ್ರಿನ್ಸಿಪಾಲ್‌ಗೆ ಇಮೇಲ್ ಹಾಕಿ, ರಿಪೋರ್ಟ್ ಲಗತ್ತಿಸಿ. ಅಮೆರಿಕದ ಕೇಂದ್ರ ಸರ್ಕಾರದ ವಿಶೇಷ ಶಿಕ್ಷಣದ ಕಾನೂನು ‘ಐಡಿಯಾ’ (IDEA) ಪ್ರಕಾರ 60 ದಿನದೊಳಗೆ ಮುಗಿಸಬೇಕು (ರಾಜ್ಯದ್ದೇ ಗಡುವಿದ್ದರೆ ಅದು), ಆದರೆ ಲೆಕ್ಕ ಶುರುವಾಗುವುದು ನೀವು ಸಹಿ ಹಾಕಿದ ಒಪ್ಪಿಗೆ ಪತ್ರ ಸ್ಕೂಲಿನವರ ಕೈಸೇರಿದ ದಿನದಿಂದ. ಹಾಗಾಗಿ ಆ ಪತ್ರವನ್ನು ಬೆನ್ನು ಬಿಡದೆ ಕೇಳಿ. ಕಾನೂನಿನ 13 ವರ್ಗಗಳಲ್ಲಿ ಆಡಿಟರಿ ಪ್ರೊಸೆಸಿಂಗ್ ಅನ್ನುವ ಹೆಸರಿಲ್ಲ. ಕಲಿಕಾ ದೋಷ ಅಥವಾ ಮಾತು-ಭಾಷೆಯ ದೋಷದ ಅಡಿಯಲ್ಲಿ ಬರಬಹುದು. ಹೆಸರಿಗಾಗಿ ಜಗಳ ಬೇಡ. ಕಂಡದ್ದನ್ನು ಬರೆಯಿರಿ: ಎರಡು ಕೆಲಸ ಒಟ್ಟಿಗೆ ಹೇಳಿದರೆ ಒಂದನ್ನು ಬಿಡುತ್ತಾಳೆ, ಬರೆಯುವಾಗ ಪದದ ಕೊನೆಯ ಸದ್ದು ಹಾರಿಸುತ್ತಾಳೆ.

ಎಷ್ಟೋ ಕಡೆ ‘504 ಪ್ಲಾನ್’, ಅಂದರೆ ತರಗತಿಯಲ್ಲಿ ಕೆಲವು ಅನುಕೂಲ ಮಾಡಿಕೊಡುವ ಯೋಜನೆ, ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಮುಂದಿನ ಸಾಲಿನ ಸೀಟು, ಟೀಚರ್ ಕುತ್ತಿಗೆಗೆ ಹಾಕಿಕೊಳ್ಳುವ ರಿಮೋಟ್ ಮೈಕ್ ಅದರಲ್ಲಿ ಬರುತ್ತವೆ. ಒಳ್ಳೆಯದೇ, ಆದರೆ ಮೈಕ್ ಮಾತನ್ನು ಸ್ಪಷ್ಟ ಮಾಡುತ್ತದೆ, ಓದು ಕಲಿಸುವುದಿಲ್ಲ. ಓದಿನ ಪಾಠಕ್ಕೆ ಐಇಪಿ ಬೇಕು, ಅಂದರೆ ಆ ಮಗುವಿಗಾಗಿಯೇ ಬರೆಯುವ ವಿಶೇಷ ಶಿಕ್ಷಣದ ಯೋಜನೆ. ಅದರಲ್ಲಿ ವಾರಕ್ಕೆ ಎಷ್ಟು ನಿಮಿಷ, ಗುಂಪಿನಲ್ಲಿ ಎಷ್ಟು ಮಕ್ಕಳು, ನಿಮಿಷಕ್ಕೆ ಎಷ್ಟು ಪದ ಸರಿಯಾಗಿ ಓದಬೇಕು ಅನ್ನುವ ಗುರಿ ಬರೆಸಿ. ವಿಧಾನ ಯಾವುದು ಅಂತ ಕೇಳಿದಾಗ ‘ಆರ್ಟನ್-ಗಿಲಿಂಗ್‌ಹ್ಯಾಮ್ ಥರದ್ದು, ಸದ್ದಿನಿಂದ ಅಕ್ಷರಕ್ಕೆ ಕ್ರಮವಾಗಿ’ ಅಂತ ಉತ್ತರ ಬಂದರೆ ಸಮಾಧಾನ. ಹೆಡ್‌ಫೋನ್ ಹಾಕಿ ಕಂಪ್ಯೂಟರ್ ಮುಂದೆ ಕೂರಿಸುವುದೇ ಪಾಠ ಅಂದರೆ ಒಪ್ಪಬೇಡಿ. ಕಿವಿ ಪಳಗಿಸುವ ಆಪ್‌ಗಳಿಗೂ ದುಡ್ಡು ಸುರಿಯಬೇಡಿ. ಆಟದ ಅಂಕ ಏರುತ್ತದೆ, ಓದು ಏರುತ್ತದೆ ಅನ್ನುವುದಕ್ಕೆ ಪುರಾವೆ ತೆಳು.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ, ಇಲ್ಲಿನ ಟೀಚರ್‌ಗಳಿಗೆ ಅದು ಹೊಳೆಯುವುದಿಲ್ಲ. ನಮ್ಮ ‘ಕ’ದಲ್ಲಿ ‘ಅ’ ಸೇರಿಕೊಂಡೇ ಇದೆ. ಮೇಲಾಗಿ ಬಸ್ಸು, ಪೆನ್ನು, ಕಾರು ಅಂತ ಪದದ ಕೊನೆಗೊಂದು ‘ಉ’ ಅಂಟಿಸುವ ನಾಲಿಗೆ ನಮ್ಮದು. ಇಂಗ್ಲಿಷಿನ ‘ಬ್ಯಾಟ್’ ಅನ್ನು ‘ಬ-ಆ-ಟ’ ಅಂತ ಬಿಡಿಸಿದರೆ ಜೋಡಿಸಿದಾಗ ಬ್ಯಾಟ್ ಬರುವುದೇ ಇಲ್ಲ. ಸದ್ದುಗಳು ಮೊದಲೇ ಮಸುಕಾಗಿರುವ ಮಗುವಿಗೆ ಇದು ದುಪ್ಪಟ್ಟು ಗೊಂದಲ. ಈಗಿಂದಲೇ ಮನೆಯಲ್ಲಿ ಶುರುಮಾಡಿ. ಕಾಗದದ ಮೇಲೆ ಮೂರು ಚೌಕ, ಮೂರು ಹುಣಸೆ ಬೀಜ. ‘ಶಿಪ್’ ಅನ್ನಿ, ‘ಶ್’, ‘ಇ’, ‘ಪ್’ ಅಂತ ಒಂದೊಂದು ಸದ್ದಿಗೂ ಮಗಳು ಒಂದೊಂದು ಬೀಜ ತಳ್ಳಲಿ. ಇಂಗ್ಲಿಷ್ ಅಕ್ಷರ ನಾಲ್ಕಿದ್ದರೂ ಬೀಜ ಮೂರೇ. ನಾಲ್ಕನೆಯದಕ್ಕೆ ಕೈ ಹಾಕಿದರೆ ಅವಳು ‘ಶಿಪ್ಪು’ ಅಂದಿದ್ದಾಳೆ. ಎದುರಿಗೆ ಕೂತು, ತುಟಿ ಕಾಣುವ ಹಾಗೆ, ದಿನಕ್ಕೆ ಹತ್ತು ನಿಮಿಷ ಸಾಕು, ಟಿವಿ ಆಫ್ ಇರಲಿ, ಕುಕ್ಕರ್ ಕೂಗುವ ಹೊತ್ತು ಬೇಡ. ಕೇಳಿಸದಿದ್ದರೆ ದನಿ ಏರಿಸಬೇಡಿ, ನಿಧಾನವಾಗಿ ಹೇಳಿ.

ಸ್ಕೂಲಿಗೆ ಸೇರಿಸುವಾಗ ಮನೆಮಾತಿನ ಫಾರಂ ಕೊಡುತ್ತಾರೆ. ಅದರಲ್ಲಿ ಕನ್ನಡ ಅಂತಲೇ ಬರೆಯಿರಿ, ಮನೆಯಲ್ಲಿ ಕನ್ನಡವನ್ನೇ ಆಡಿ. ಎರಡು ಭಾಷೆಯಿಂದ ಈ ತೊಂದರೆ ಹುಟ್ಟುವುದಿಲ್ಲ.