ಮೊಳಕೆ ನೋಡಿ ಸಿರಿ ಹೇಳುವವರಿಗೆ

ಅಮೆರಿಕದ ಎಡಿಸನ್ ಊರಿನಿಂದ ಒಬ್ಬ ಓದುಗರು ಬರೆದಿದ್ದಾರೆ:

"ಹಿಂದಿನ ಸಂಚಿಕೆಯಲ್ಲಿ ಬೇಸ್‌ಬಾಲ್ ಆಟಗಾರ ಮೈಕ್ ಪಿಯಾಜಾ ಬಗ್ಗೆ ಬರೆದಿದ್ದಿರಿ. ಡ್ರಾಫ್ಟ್‌ನ 62ನೇ ಸುತ್ತಿನಲ್ಲಿ ಆಯ್ಕೆಯಾದವನು ದೊಡ್ಡ ಆಟಗಾರನಾದ ಕಥೆ ಚೆನ್ನಾಗಿದೆ. ಆದರೆ ಇಂಥದ್ದು ಲಕ್ಷಕ್ಕೊಂದು. ನನ್ನ ಮಗನಿಗೆ 16 ವರ್ಷ, ಶಾಲೆಯ ತಂಡದಲ್ಲಿ ಪಿಚರ್. ಹಳೆಯ ಡ್ರಾಫ್ಟ್ ಪಟ್ಟಿಗಳನ್ನೆಲ್ಲ ಕೂತು ನೋಡಿದ್ದೇನೆ. ಮೊದಲು ಆಯ್ಕೆಯಾದವರು ಮೇಲೆ ಹೋಗುತ್ತಾರೆ, ಉಳಿದವರ ಏಳೆಂಟು ವರ್ಷ ದಂಡ. ಮೊದಲೇ ಆಯ್ಕೆಯಾಗಿಯೂ ಎಡವಿದವರು ಕೈಗೆ ಬಂದ ತುತ್ತು ಕಳೆದುಕೊಂಡವರು. ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು ಅಂತ ಹಿರಿಯರು ಸುಮ್ನೆ ಹೇಳಿಲ್ಲ. ದಯವಿಟ್ಟು ಮಕ್ಕಳ ತಲೆಗೆ ಇಲ್ಲದ ಆಸೆ ತುಂಬಬೇಡಿ."

ಸರ್, ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಮಗನಿಗೆ ಕನ್ನಡ ಓದಲು ಬರುವುದಿಲ್ಲ ಅಂತಲೂ ಬರೆದಿದ್ದೀರಿ. ಹಾಗಾದರೆ ಈ ಉತ್ತರವನ್ನು ನೀವೇ ಅವನಿಗೆ ಓದಿ ಹೇಳಬೇಕು. ಇದು ಅವನಿಗಾಗಿಯೇ ಬರೆದದ್ದು.

ಬೇಸ್‌ಬಾಲ್ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಪಿಚರ್ ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು, ಕ್ಯಾಚರ್ ಅಂದರೆ ಬ್ಯಾಟರ್ ಹಿಂದೆ ಕೂತು ಅದನ್ನು ಹಿಡಿಯುವವನು. ಅಮೆರಿಕದಲ್ಲಿ 1965ರಿಂದ ಪ್ರತಿ ವರ್ಷ ಡ್ರಾಫ್ಟ್ ನಡೆಯುತ್ತದೆ. ಶಾಲೆ ಮುಗಿಸಿದ, ಕಾಲೇಜಿನಲ್ಲಿ ಓದುವ ಹುಡುಗರನ್ನು ಕ್ಲಬ್‌ಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಜಾಸ್ತಿ ಸೋತ ಕ್ಲಬ್‌ಗೆ ಮೊದಲ ಆಯ್ಕೆ. ಈಚೆಗೆ ಮೊದಲ ಕೆಲವು ಸ್ಥಾನಗಳಿಗೆ ಚೀಟಿ ಎತ್ತುತ್ತಾರೆ. ಯಾವ ಕ್ಲಬ್ ಬೇಕು ಅಂತ ಹುಡುಗ ಹೇಳುವ ಹಾಗಿಲ್ಲ. ಆಯ್ಕೆಯಾದ ಮೇಲೂ ನೇರ ಮೇಜರ್ ಲೀಗ್‌ಗೆ, ಅಂದರೆ ಎಲ್ಲಕ್ಕಿಂತ ಮೇಲಿನ ಮಟ್ಟದ ಆಟಕ್ಕೆ, ಹೋಗುವವರು ತೀರಾ ಅಪರೂಪ. ಮೈನರ್ ಲೀಗ್ ಎಂಬ ಏಣಿ ಇದೆ. ಅದರ ಒಂದೊಂದು ಮೆಟ್ಟಿಲಲ್ಲೂ ಹುಡುಗರು ಉದುರುತ್ತಾರೆ.

ನಿಮ್ಮ ಲೆಕ್ಕ ತಪ್ಪಲ್ಲ. 1965ರಿಂದ 2013ರವರೆಗಿನ ಜೂನ್ ಡ್ರಾಫ್ಟ್‌ಗಳಲ್ಲಿ ಮೊಟ್ಟಮೊದಲು ಆಯ್ಕೆಯಾದವರ ಪೈಕಿ ಮೇಜರ್ ಲೀಗ್ ಮೈದಾನಕ್ಕೆ ಕಾಲೇ ಇಡದವರು ಇಬ್ಬರು ಮಾತ್ರ. ಅವರಲ್ಲಿ ಕೆನ್ ಗ್ರಿಫಿ ಜೂನಿಯರ್, ಚಿಪ್ಪರ್ ಜೋನ್ಸ್, ಹೆರಾಲ್ಡ್ ಬೇನ್ಸ್, ಜೋ ಮಾವರ್ ಬೇಸ್‌ಬಾಲ್‌ನ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್ ಸೇರಿದ್ದಾರೆ. 20ನೇ ಸುತ್ತಿನವರಿಗಿಂತ ಮೊದಲ ಸುತ್ತಿನವರು ಮೇಲೆ ಬರುವುದು ಎಷ್ಟೋ ಪಾಲು ಹೆಚ್ಚು. ಒಪ್ಪಿದೆ.

ನಾನು ಒಪ್ಪದೇ ಇರುವುದು ನಿಮ್ಮ ಮೂರನೇ ಮಾತನ್ನು. ಎಡವಿದವರು ಕೈಗೆ ಬಂದದ್ದು ಕಳೆದುಕೊಂಡರು ಅಂದಿರಲ್ಲ, ಅದನ್ನು. ಅಂದಾಜು ಮಾಡಿದ್ದು ಕ್ಲಬ್. ಅದು ತಪ್ಪಾದರೆ ಹಣೆಪಟ್ಟಿ ಮಾತ್ರ ಹುಡುಗನಿಗೆ. ಅಲ್ಲಿನ ಕ್ರೀಡಾ ಪುಟಗಳಲ್ಲಿ ಅಂಥವನನ್ನು 'ಬಸ್ಟ್', ಅಂದರೆ ಠುಸ್ಸಾದವನು, ಅನ್ನುತ್ತಾರೆ. ಹದಿನೆಂಟು ವರ್ಷದ ಹುಡುಗನ ಮೇಲೆ ಹೊರಿಸುವ ಮಾತಾ ಅದು?

ಡೇವಿಡ್ ಕ್ಲೈಡ್ ಕಥೆ ನಿಮಗೆ ಗೊತ್ತಿರಬೇಕು. ಹ್ಯೂಸ್ಟನ್‌ನ ಶಾಲಾ ಹುಡುಗ, ಎಡಗೈ ಪಿಚರ್, 1973ರ ಮೊದಲ ಆಯ್ಕೆ. ಆರಿಸಿದ್ದು ಟೆಕ್ಸಾಸ್ ರೇಂಜರ್ಸ್. ಆ ಕ್ಲಬ್‌ಗೆ ಆಗ ಜನವೇ ಬರುತ್ತಿರಲಿಲ್ಲ. ಸರಿ, ಮೈನರ್ ಲೀಗ್‌ಗೆ ಕಳಿಸದೆ ಹುಡುಗನನ್ನು ನೇರ ದೊಡ್ಡ ಮೈದಾನಕ್ಕೆ ಇಳಿಸಿದರು. ಜೂನ್ 27, ಆರ್ಲಿಂಗ್ಟನ್. ಮೈದಾನ ತುಂಬಿ ತುಳುಕಿತು. ಗುರಿ ತಪ್ಪಿ ಎಸೆದು ಮೊದಲ ಇಬ್ಬರು ಬ್ಯಾಟರ್‌ಗಳನ್ನು ಪುಕ್ಕಟೆ ಬೇಸ್‌ಗೆ ಕಳಿಸಿದ (ವಾಕ್), ಮುಂದಿನ ಮೂವರನ್ನು ಎಸೆತದಲ್ಲೇ ಔಟ್ ಮಾಡಿದ (ಸ್ಟ್ರೈಕ್‌ಔಟ್). ಪಂದ್ಯ ಗೆದ್ದ. ಎರಡು ಪಂದ್ಯ ಆಡಿಸಿ ಕೆಳಗೆ ಕಳಿಸುವುದು ಅಂತ ಮಾತಾಗಿತ್ತು. ಆದರೆ ಟಿಕೆಟ್ ಖರ್ಚಾಗುತ್ತಿದೆ ನೋಡಿ, ಕಳಿಸಲಿಲ್ಲ. ಆಡಿಸಿದರು, ಆಡಿಸಿದರು, ತೋಳು ಸೋಲುವವರೆಗೆ ಆಡಿಸಿದರು. ಪಿಚರ್ ಆಗಿ ಅವನ ಲೆಕ್ಕಕ್ಕೆ 18 ಗೆಲುವು, 33 ಸೋಲು. 1979ರ ಹೊತ್ತಿಗೆ, 24ನೇ ವಯಸ್ಸಿಗೆ, ಮೇಜರ್ ಲೀಗ್ ಮುಗಿಯಿತು. ಪಿಂಚಣಿಗೆ ಬೇಕಾಗಿದ್ದ ನಾಲ್ಕು ವರ್ಷದ ಸೇವೆಗೆ ಒಂದು ತಿಂಗಳ ಚಿಲ್ಲರೆ ದಿನ ಕಡಿಮೆ ಬಿತ್ತು. ಈ ಹುಡುಗ ಏನನ್ನು ಕಳೆದುಕೊಂಡ ಸರ್? ಅವನಿಂದ ಕಳೆದದ್ದು ಯಾರು?

ಮೇಜರ್ ಲೀಗ್ ನೋಡದ ಆ ಇಬ್ಬರದೂ ಭುಜದ ಕಥೆಯೇ. 1966ರಲ್ಲಿ ಮೆಟ್ಸ್ ಕ್ಲಬ್ ಮೊದಲು ಆರಿಸಿದ್ದು ಸ್ಟೀವ್ ಚಿಲ್ಕಾಟ್ ಎಂಬ ಕ್ಯಾಚರ್‌ನನ್ನು. ಮರುವರ್ಷ ಬೇಸ್‌ಗೆ ಹಾರಿ ಬೀಳುವಾಗ ಅವನ ಭುಜಕ್ಕೆ ಪೆಟ್ಟಾಯಿತು, ಮತ್ತೆ ನೆಟ್ಟಗಾಗಲಿಲ್ಲ. ಎರಡನೆಯವನಾಗಿ ಆಯ್ಕೆಯಾದ ರೆಜಿ ಜಾಕ್ಸನ್ 563 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) ಹೊಡೆದ. ಹಾಗಾಗಿ ಅರವತ್ತು ವರ್ಷದಿಂದ ಚಿಲ್ಕಾಟ್ ಹೆಸರು ಬರುವುದು ಜಾಕ್ಸನ್ ಹೆಸರಿನ ಪಕ್ಕದಲ್ಲಿ, ತಪ್ಪಿನ ಉದಾಹರಣೆಯಾಗಿ. ಇನ್ನೊಬ್ಬ ಬ್ರಿಯೆನ್ ಟೇಲರ್, ಜೋರಾಗಿ ಎಸೆಯುವ ಪಿಚರ್. 1991ರಲ್ಲಿ ಯಾಂಕೀಸ್ ಕ್ಲಬ್ ಅವನ ಸಹಿಗೆ ಕೊಟ್ಟ 15.5 ಲಕ್ಷ ಡಾಲರ್ ಆಗಿನ ಕಾಲಕ್ಕೆ ದಾಖಲೆ. 1993ರ ಡಿಸೆಂಬರ್‌ನಲ್ಲಿ ಸಹೋದರನ ವಿಷಯಕ್ಕೆ ಬೇರೆಯವರ ಜೊತೆ ಹೊಡೆದಾಟವಾಗಿ ಭುಜ ಹರಿಯಿತು. ಆಮೇಲೆ ಆ ವೇಗ ಮರಳಲೇ ಇಲ್ಲ.

ಈಗ ನಿಮ್ಮ ಗಾದೆಗೆ ಬರುತ್ತೇನೆ. ನಮ್ಮದು ಅಡಿಕೆ ತೋಟದ ಮನೆ. ಅಪ್ಪ ಮಡಿಯಿಂದ ಸಸಿ ಆರಿಸುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಬುಡ ಗಟ್ಟಿಯಾಗಿದೆಯಾ ಅಂತ ಎರಡು ಬೆರಳಲ್ಲಿ ಹಿಡಿದು ನೋಡೋರು. ಎಲೆ ಎಣಿಸೋರು. ಐದಕ್ಕಿಂತ ಕಡಿಮೆ ಇದ್ದರೆ ಪಕ್ಕಕ್ಕೆ. ಅಂದರೆ ಮೊಳಕೆ ನೋಡೋದು ನಮಗೂ ಗೊತ್ತು. ಆದರೆ ಆರಿಸಿ ನೆಟ್ಟ ಮೇಲೆ ಅಪ್ಪನ ಕೆಲಸ ಶುರುವಾಗುತ್ತಿತ್ತು. ಪಡುವಣ ಬಿಸಿಲು ತಾಗದ ಹಾಗೆ ಬಾಳೆ ಹಾಕಬೇಕು, ಬೇಸಿಗೆಯಲ್ಲಿ ನೀರು ತಪ್ಪಬಾರದು. ಅಷ್ಟಾಗಿಯೂ ಕೆಲವು ಒಣಗುತ್ತಿದ್ದವು. ಆಗ ಅಪ್ಪ "ಜಾಗ ತಪ್ಪಿದೆ ಕಣೋ" ಅನ್ನೋರು, "ನಾನು ನೆರಳು ಕೊಡಲಿಲ್ಲ" ಅನ್ನೋರು. ಸಸಿಯನ್ನು ಬೈದದ್ದು ನಾನು ಒಂದು ದಿನವೂ ಕೇಳಿಲ್ಲ.

ಇನ್ನು ನಿಮ್ಮದೇ ರಾಜ್ಯದ ಹುಡುಗ ಮೈಕ್ ಟ್ರೌಟ್. ಊರು ಮಿಲ್‌ವಿಲ್. 2009ರ ಡ್ರಾಫ್ಟ್ ನಡೆದದ್ದು ನ್ಯೂಜೆರ್ಸಿಯ ಸಿಕಾಕಸ್‌ನ ಟಿವಿ ಸ್ಟುಡಿಯೋದಲ್ಲಿ. ಆ ವರ್ಷ ಆಯ್ಕೆಯಾಗಬೇಕಾದ ಹುಡುಗರ ಪೈಕಿ ಅಲ್ಲಿಗೆ ಬಂದು ಕೂತಿದ್ದವನು ಅವನೊಬ್ಬನೇ. ಕ್ಯಾಮೆರಾಗಳ ಎದುರು ಕೂತಿದ್ದಾನೆ. ಒಂದೊಂದೇ ಹೆಸರು ಕೂಗುತ್ತಿದ್ದಾರೆ. ಮೊದಲ ಹೆಸರು ಸ್ಟೀಫನ್ ಸ್ಟ್ರಾಸ್‌ಬರ್ಗ್. ಹತ್ತು ಹೋಯಿತು, ಇಪ್ಪತ್ತು ಹೋಯಿತು. 24ನೇ ಹೆಸರು ಕೂಗಿದವರು ಏಂಜಲ್ಸ್ ಕ್ಲಬ್‌ನವರು, ಅದೂ ಬೇರೆ ಹುಡುಗನದು. 25ನೇ ಆಯ್ಕೆಯೂ ಅವರದೇ. ಆಗ ಬಂತು ಇವನ ಹೆಸರು. ಅಲ್ಲಿಂದ ಮುಂದೆ ಮೂರು ಸಲ ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ), 2019ರಲ್ಲಿ 42.65 ಕೋಟಿ ಡಾಲರ್ ಒಪ್ಪಂದ. ಯಾಕೆ ಇಷ್ಟು ತಡ? ನ್ಯೂಜೆರ್ಸಿಯ ಚಳಿ, ಮಳೆ ನಿಮಗೇ ಗೊತ್ತು. ಕ್ಯಾಲಿಫೋರ್ನಿಯಾ, ಫ್ಲಾರಿಡಾದ ಹುಡುಗರಷ್ಟು ಪಂದ್ಯ ಅಲ್ಲಿ ಆಗುವುದಿಲ್ಲ. ಹೊಸ ಹುಡುಗರನ್ನು ಹುಡುಕಲು ಕ್ಲಬ್‌ಗಳು ಕಳಿಸುವ ಸ್ಕೌಟ್‌ಗಳೂ ಕಡಿಮೆ.

ಆದರೂ ಏಂಜಲ್ಸ್‌ನ ಸ್ಕೌಟ್ ಗ್ರೆಗ್ ಮೋರ್‌ಹಾರ್ಟ್ ಬಂದು ನೋಡಿದ್ದ, ಪಟ್ಟು ಹಿಡಿದಿದ್ದ. ಇದು ನಿಮ್ಮ ಪಟ್ಟಿಗಳಲ್ಲಿ ಸಿಗುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಈ ಮೋರ್‌ಹಾರ್ಟ್ ಮೈನರ್ ಲೀಗ್‌ನಲ್ಲಿ ಮೈಕ್‌ನ ಅಪ್ಪ ಜೆಫ್ ಟ್ರೌಟ್ ಜೊತೆ ಆಡಿದವನು. ಜೆಫ್ 1983ರಲ್ಲಿ 5ನೇ ಸುತ್ತಿನ ಆಯ್ಕೆ. ಮೇಜರ್ ಲೀಗ್‌ಗೆ ಒಂದು ದಿನವೂ ಹೋಗಲಿಲ್ಲ. ಆಟ ಬಿಟ್ಟು ಮಿಲ್‌ವಿಲ್ ಶಾಲೆಯಲ್ಲಿ ಇತಿಹಾಸದ ಮೇಷ್ಟ್ರಾದ, ಹುಡುಗರಿಗೆ ಬೇಸ್‌ಬಾಲ್ ಕಲಿಸಿದ. ನಿಮ್ಮ ಲೆಕ್ಕದಲ್ಲಿ ಜೆಫ್ ಟ್ರೌಟ್‌ನ ಆ ವರ್ಷಗಳು ದಂಡ. ಆ ದಂಡದ ವರ್ಷಗಳ ಗೆಳೆತನ, ಆ ದಂಡದ ವರ್ಷಗಳ ವಿದ್ಯೆ ಎರಡೂ ಸೇರಿದ್ದರಿಂದಲೇ ಮೈಕ್ ಟ್ರೌಟ್‌ನ ಮೇಲೆ ಸರಿಯಾದ ಕಣ್ಣು ಬಿತ್ತು.

ಅಂಥ ಕಣ್ಣಿಗೆ ಬೆಲೆ ಇಲ್ಲ ಅನ್ನುವುದು ನನ್ನ ಹಳೆಯ ಸಂಕಟ. 1992ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್‌ಗೆ ಮೊದಲ ಆಯ್ಕೆ ಇತ್ತು. ಅವರ ಸ್ಕೌಟ್ ಹ್ಯಾಲ್ ನ್ಯೂಹೌಸರ್, ಸ್ವತಃ ಹಾಲ್ ಆಫ್ ಫೇಮ್ ಪಿಚರ್. ಮಿಶಿಗನ್‌ನ ಕಲಮಜೂ ಊರಲ್ಲಿ ಡೆರೆಕ್ ಜೀಟರ್ ಅಂತ ಹುಡುಗನಿದ್ದಾನೆ, ಬಿಡಬೇಡಿ ಅಂತ ಹೇಳಿದ. ಕ್ಲಬ್ ಕೇಳಲಿಲ್ಲ, ಫಿಲ್ ನೆವಿನ್‌ನನ್ನು ಆರಿಸಿತು. ಜೀಟರ್ 6ನೆಯವನಾಗಿ ಯಾಂಕೀಸ್‌ಗೆ ಹೋದ, ಮುಂದೆ ದೊಡ್ಡ ಆಟಗಾರನಾದ. ನ್ಯೂಹೌಸರ್ ಕೆಲಸವನ್ನೇ ಬಿಟ್ಟುಬಿಟ್ಟ. ನೆವಿನ್ ಕೂಡ 208 ಹೋಮ್ ರನ್ ಹೊಡೆದ ಒಳ್ಳೆಯ ಆಟಗಾರ. ಆದರೂ ಜೀಟರ್ ಹೆಸರು ಎತ್ತಿದಾಗಲೆಲ್ಲ ಜನ ಅವನನ್ನು ಕೈ ತೋರಿಸುತ್ತಾರೆ. ತಾನು ಕೇಳದೇ ಬಂದ ನಂಬರ್‌ಗೆ ಅವನು ಯಾಕೆ ಉತ್ತರ ಕೊಡಬೇಕು?

ಪಿಯಾಜಾ ಲಕ್ಷಕ್ಕೊಂದು ಅಂದಿರಿ. ಇರಲಿ. 1988ರಲ್ಲಿ ಅವನು 1,390ನೇ ಆಯ್ಕೆ. ಡಾಜರ್ಸ್ ಮ್ಯಾನೇಜರ್ ಟಾಮಿ ಲಸೋರ್ಡಾ ಅವನ ಅಪ್ಪನ ಗೆಳೆಯ, ಆ ದಾಕ್ಷಿಣ್ಯಕ್ಕೆ ಹೆಸರು ಹಾಕಿದ್ದರು. ಕ್ಯಾಚರ್ ಕೆಲಸ ಕಲಿಯಲು ಡೊಮಿನಿಕನ್ ರಿಪಬ್ಲಿಕ್‌ನಲ್ಲಿದ್ದ ಕ್ಲಬ್ಬಿನ ಶಿಬಿರಕ್ಕೆ ಹೋದ. 2016ರಲ್ಲಿ ಹಾಲ್ ಆಫ್ ಫೇಮ್ ವೇದಿಕೆ ಮೇಲೆ ಅವನ ಜೊತೆ ನಿಂತವನು 1987ರ ಮೊದಲ ಆಯ್ಕೆ ಗ್ರಿಫಿ. 1965ರ ಮೊದಲನೇ ಡ್ರಾಫ್ಟ್‌ನಲ್ಲಿ ಹೆಸರಾಂತ ಪಿಚರ್ ನೋಲನ್ ರಯಾನ್ 295ನೆಯವನು. ಆಲ್ಬರ್ಟ್ ಪೂಹೋಲ್ಸ್ 1999ರಲ್ಲಿ 402ನೆಯವನು, 703 ಹೋಮ್ ರನ್. ನಿಮ್ಮ ಮಗ ಇವರ ಹಾಗೆ ಆಗುತ್ತಾನೆ ಅಂತ ನಾನು ಹೇಳುತ್ತಿಲ್ಲ. ಇವರಿಗೆ ಬಾಗಿಲು ತೆರೆದಿತ್ತು ಅಂತ ಹೇಳುತ್ತಿದ್ದೇನೆ. ಆ ಬಾಗಿಲು ಈಗ ಚಿಕ್ಕದಾಗುತ್ತಿದೆ. ಡ್ರಾಫ್ಟ್ ಇಳಿಯುತ್ತಾ 40 ಸುತ್ತಿಗೆ ಬಂದಿತ್ತು, 2020ರಲ್ಲಿ ಐದೇ ಸುತ್ತಿಗೆ ಇಳಿಸಿದರು, 2021ರಿಂದ ಇಪ್ಪತ್ತು. ಇವತ್ತು 62ನೇ ಸುತ್ತು ಅನ್ನುವುದೇ ಇಲ್ಲ.

ಮಗಳ ಮನೆಗೆ ಹೋಗಿದ್ದಾಗ, 2016ರ ಜೂನ್‌ನಲ್ಲಿ, ಟ್ರೆಂಟನ್‌ನಲ್ಲಿ ಒಂದು ಪಂದ್ಯ ನೋಡಿದೆ. ಯಾಂಕೀಸ್‌ನ ಮೈನರ್ ಲೀಗ್ ತಂಡ ಆಗ ಅಲ್ಲಿತ್ತು. ಡೆಲವೇರ್ ನದಿ ದಡದ ಮೈದಾನ. ಬಲಗಡೆ ಜೋರಾಗಿ ಹೊಡೆದರೆ ಚೆಂಡು ಹೊಳೆಗೇ ಬೀಳುತ್ತದೆ. ನನ್ನ ಪಕ್ಕದಲ್ಲಿ ಒಬ್ಬರು ವಯಸ್ಸಾದ ಹೆಂಗಸು ಕೂತಿದ್ದರು. ಊಟದ ಡಬ್ಬಿ ತೊಡೆ ಮೇಲೆ. ಆಡುತ್ತಿದ್ದ ಹುಡುಗರಲ್ಲಿ ಒಬ್ಬ ಅವರ ಮನೆಯ ಮೇಲಿನ ಕೋಣೆಯಲ್ಲಿ ಇದ್ದನಂತೆ. ಸಂಬಳದಲ್ಲಿ ಬಾಡಿಗೆ ಕಟ್ಟಲಾಗದ ಹುಡುಗರಿಗೆ ಊರಿನವರು ಹೀಗೆ ಜಾಗ ಕೊಡುತ್ತಿದ್ದರು. "ರಾತ್ರಿ ಎಷ್ಟೊತ್ತಿಗೆ ಬಂದರೂ ಮೊದಲು ಗ್ಲೌಸ್ ಒರೆಸಿ ಕಿಟಕಿಯಲ್ಲಿಟ್ಟು ಆಮೇಲೆ ಊಟ ಮಾಡ್ತಾನೆ" ಅಂದರು. ಎಷ್ಟನೇ ಸುತ್ತಿನಲ್ಲಿ ಆಯ್ಕೆಯಾದವನು ಅಂತ ಕೇಳಿದೆ. ಆಕೆಗೆ ಗೊತ್ತಿರಲಿಲ್ಲ.

ಆ ಹುಡುಗರ ಸಂಬಳ ಕೇಳಿದರೆ ಹೊಟ್ಟೆ ಉರಿಯುತ್ತದೆ. 2020ರವರೆಗೆ ಕೆಳಗಿನ ಮೆಟ್ಟಿಲುಗಳಲ್ಲಿ ವಾರಕ್ಕೆ 290 ಡಾಲರ್, ಅದೂ ಪಂದ್ಯ ನಡೆಯುವ ತಿಂಗಳುಗಳಲ್ಲಿ ಮಾತ್ರ. 2018ರಲ್ಲಿ ಅವರಿಗೆ ಕನಿಷ್ಠ ವೇತನದ ಕಾನೂನೂ ಪೂರ್ತಿ ಸಿಗದ ಹಾಗೆ ಮಾಡಿದರು. ಕೋರ್ಟಿಗೆ ಹೋದ ಮೇಲೆ 2022ರಲ್ಲಿ 18.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಕ್ಲಬ್‌ಗಳು ಮನೆ ಕೊಡಬೇಕು ಅಂತ ಆದದ್ದೂ ಅದೇ ವರ್ಷ. 2023ರಲ್ಲಷ್ಟೇ ಅವರಿಗೆ ಮೊದಲ ಕಾರ್ಮಿಕ ಒಪ್ಪಂದ. ಐವತ್ತು ವರ್ಷಕ್ಕೂ ಜಾಸ್ತಿ ಕಾಲ ಸಸಿಗೆ ನೀರು ಹಾಕದೆ, ಒಣಗಿದ್ದಕ್ಕೆ ಸಸಿಯನ್ನೇ ಬೈದರು.

ನಾವೇನು ಕಮ್ಮಿಯಿಲ್ಲ. ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶದ ಮಾರನೇ ದಿನ ಬಾಯಿಗೆ ಪೇಡ ಇಡುವ ಫೋಟೊ ಮುಖಪುಟದಲ್ಲಿ ಹಾಕುತ್ತೇವೆ. ನಾನೂ ಹಾಕಿಸಿದ್ದೇನೆ. ಹತ್ತು ವರ್ಷ ಆದ ಮೇಲೆ ಆ ಮಗು ಹೇಗಿದೆ ಅಂತ ಯಾವ ವರದಿಗಾರನನ್ನೂ ನಾನು ಕಳಿಸಿಲ್ಲ. ಇದು ನನಗೆ ಚುಚ್ಚುತ್ತದೆ.

ಮಾರ್ಕ್ ಅಪೆಲ್‌ನನ್ನೂ ನಿಮ್ಮ ಪಟ್ಟಿಯಲ್ಲಿ ನೋಡಿರುತ್ತೀರಿ. 2013ರ ಮೊದಲ ಆಯ್ಕೆ, ಸ್ಟ್ಯಾನ್‌ಫರ್ಡ್‌ನ ಪಿಚರ್. ಎರಡನೆಯವನಾಗಿ ಬಂದ ಕ್ರಿಸ್ ಬ್ರಯಂಟ್ 2016ರಲ್ಲಿ ಎಂವಿಪಿ ಆದ, ಅದೇ ವರ್ಷ ಅವನ ಕ್ಲಬ್ ಕಬ್ಸ್ 108 ವರ್ಷಗಳ ನಂತರ ಮೇಜರ್ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದಿತು. ಅಪೆಲ್‌ಗೆ ಮೈನರ್ ಲೀಗ್‌ನಲ್ಲೇ ಕೈ ಹತ್ತಲಿಲ್ಲ, 2018ರಲ್ಲಿ ಆಟ ಬಿಟ್ಟ. ಎಲ್ಲರೂ ಬಸ್ಟ್ ಅಂದರು. 2021ರಲ್ಲಿ ಮತ್ತೆ ಬಂದ. 2022ರ ಜೂನ್‌ನಲ್ಲಿ, 30ನೇ ವಯಸ್ಸಿಗೆ, ಫಿಲಡೆಲ್ಫಿಯಾದ ಪರ ಮೇಜರ್ ಲೀಗ್‌ನಲ್ಲಿ ಮೊದಲ ಇನ್ನಿಂಗ್ಸ್ (ಇಲ್ಲಿ ಮೂವರು ಔಟಾದರೆ ಮುಗಿಯುವ ಸರದಿ) ಎಸೆದ. ಒಂದು ರನ್ನೂ ಕೊಡಲಿಲ್ಲ. ಒಟ್ಟು ಆರೇ ಪಂದ್ಯ ಆಡಿದ. ಆ ಒಂದು ಇನ್ನಿಂಗ್ಸ್ ಅನ್ನು ಪೂರ್ತಿ ನೋಡಿ ಸರ್, ಮಗನ ಜೊತೆ ಕೂತು.

ಅವನು ಕಾಲೇಜಿಗೆ ಹೋಗಲಿ, ಅದಕ್ಕೆ ನನ್ನ ತಕರಾರಿಲ್ಲ. ಅಪೆಲ್ ಕೂಡ 2012ರಲ್ಲಿ ಆಯ್ಕೆಯಾಗಿಯೂ ಸಹಿ ಹಾಕದೆ ಕಾಲೇಜಿಗೆ ವಾಪಸ್ ಹೋಗಿ ಡಿಗ್ರಿ ಮುಗಿಸಿದವನು. ಆದರೆ ಹದಿನಾರಕ್ಕೇ ನೀವು ಮಗನಿಗೆ ನಂಬರ್ ಕೊಡಬೇಡಿ. 2020ರಲ್ಲಿ ಮೈನರ್ ಲೀಗ್ ತಂಡಗಳನ್ನು ಕಡಿತ ಮಾಡಿದಾಗ ಟ್ರೆಂಟನ್ ಮೈದಾನವೂ ಯಾಂಕೀಸ್ ತಂಡವನ್ನು ಕಳೆದುಕೊಂಡಿತು. 2021ರಿಂದ ಅಲ್ಲಿ ಡ್ರಾಫ್ಟ್ ಲೀಗ್ ನಡೆಯುತ್ತಿದೆ. ಇನ್ನೂ ಯಾರೂ ಆರಿಸದ, ಆಯ್ಕೆಗೆ ಕಾಯುತ್ತಿರುವ ಹುಡುಗರು ಜೂನ್‌ನಲ್ಲಿ ಅಲ್ಲಿ ಆಡುತ್ತಾರೆ. ಎಡಿಸನ್‌ನಿಂದ ಕಾರಿನಲ್ಲಿ ದೂರವೇನಲ್ಲ. ಒಂದು ಸಂಜೆ ಮಗನನ್ನು ಕರೆದುಕೊಂಡು ಹೋಗಿ. ಬಲಗಡೆ ಕೂತುಕೊಳ್ಳಿ, ಹೊಳೆ ಕಡೆಯಿಂದ ಗಾಳಿ ಚೆನ್ನಾಗಿ ಬರುತ್ತದೆ. ಹೇಗಿತ್ತು ಅಂತ ಬರೆಯಿರಿ. ಅವನಿಗೂ ಎರಡು ಸಾಲು ಬರೆಯಲು ಹೇಳಿ, ಇಂಗ್ಲಿಷ್‌ನಲ್ಲಾದರೂ ಸರಿ. ನಾನೇ ಕನ್ನಡಕ್ಕೆ ತಂದು ಹಾಕುತ್ತೇನೆ.

— ಸಂಪಾದಕ