ಅರೆಹೊಟ್ಟೆಯಲ್ಲಿದ್ದಾಗ ವ್ಯಕ್ತಿತ್ವ ದೋಷದ ನಿರ್ಣಯ: ಒಂದು ಪ್ರಕರಣ

ಇಪ್ಪತ್ತರ ಹರೆಯದ ಯುವತಿಯೊಬ್ಬರು (ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ) ತಮ್ಮ ಅಕ್ಕನೊಂದಿಗೆ ನನ್ನ ಬಳಿ ಸಲಹೆಗೆ ಬಂದಾಗ ಅವರ ಕಡತದಲ್ಲಿ ಎರಡು ನಿರ್ಣಯಗಳಿದ್ದವು: ಬುಲಿಮಿಯಾ ಮತ್ತು ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷ (ಭಾವನೆಗಳು, ಸಂಬಂಧಗಳು, ತನ್ನ ಬಗೆಗಿನ ಕಲ್ಪನೆ ಯಾವುದೂ ಸ್ಥಿರವಾಗಿರದ ತೊಂದರೆ). ಮೊದಲನೆಯದರಲ್ಲಿ ಸಂಶಯವಿರಲಿಲ್ಲ, ಹಗಲೆಲ್ಲ ಊಟ ಬಿಟ್ಟು, ರಾತ್ರಿ ಮಿತಿಮೀರಿ ತಿಂದು ವಾಂತಿ ಮಾಡಿಕೊಳ್ಳುವುದು ಎರಡು ವರ್ಷಗಳಿಂದ ನಡೆದಿತ್ತು. ಎರಡನೆಯದನ್ನು ಮೊದಲ ಭೇಟಿಯಲ್ಲೇ, ಅವರೇ ತುಂಬಿದ ಪ್ರಶ್ನಾವಳಿಯನ್ನು ನೋಡಿ ಬರೆಯಲಾಗಿತ್ತು. "ನನ್ನ ಸ್ವಭಾವವೇ ಕೆಟ್ಟದ್ದು ಅಂದಮೇಲೆ ಚಿಕಿತ್ಸೆ ತಗೊಂಡು ಏನು ಪ್ರಯೋಜನ, ಮೇಡಂ?" ಎಂದು ಅವರು ಕೇಳಿದರು.

ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ ಡಿಎಸ್ಎಂ-5ರ ಪ್ರಕಾರ ಬಾರ್ಡರ್‌ಲೈನ್ ದೋಷದ 9 ಲಕ್ಷಣಗಳಲ್ಲಿ ಕನಿಷ್ಠ 5 ಕಾಣಿಸಬೇಕು. ಅವುಗಳಲ್ಲೊಂದಾದ ದುಡುಕುತನಕ್ಕೆ ಕೊಟ್ಟಿರುವ ಉದಾಹರಣೆಗಳಲ್ಲಿ ಮಿತಿಮೀರಿ ತಿನ್ನುವುದೂ ಸೇರಿರುವುದರಿಂದ, ಎಚ್ಚರ ತಪ್ಪಿದರೆ ಒಂದೇ ವರ್ತನೆ ಎರಡು ಕಾಯಿಲೆಗಳ ಲೆಕ್ಕಕ್ಕೂ ಹೋಗುತ್ತದೆ. ಸಿಡುಕು, ಮನಸ್ಸಿನ ಏರಿಳಿತ, ಜನರಿಂದ ದೂರವಾಗುವುದು ಇವೆಲ್ಲ ಬರೀ ಹಸಿವಿನಿಂದಲೂ ಬರಬಲ್ಲವು. 1944-45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್ ಅವರು, ದೇಹ ಮನಸ್ಸು ಎರಡೂ ಗಟ್ಟಿಯಾಗಿವೆ ಎಂದು ಪರೀಕ್ಷಿಸಿ ಆರಿಸಿಕೊಂಡ 36 ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟಾಗ, ಅವರಲ್ಲೂ ಖಿನ್ನತೆ, ಸಿಡುಕು, ಒಂಟಿತನ ಕಾಣಿಸಿಕೊಂಡವು; ಆಹಾರದ ಯೋಚನೆಯೇ ಅವರ ಮನಸ್ಸನ್ನು ಆವರಿಸಿಕೊಂಡಿತು.

ಆದ್ದರಿಂದ ನಾನು ಅಕ್ಕನನ್ನು ಕೇಳಿದ್ದು, ಡಯೆಟ್ ಶುರುವಾಗುವ ಮುಂಚೆ ತಂಗಿ ಹೇಗಿದ್ದರು ಎಂದು. ಗೆಳತಿಯರು ವರ್ಷಗಟ್ಟಲೆ ಬದಲಾಗಿರಲಿಲ್ಲ, ಕೋಪ ಅಪರೂಪವಾಗಿತ್ತು, ಕೈ ಕೊಯ್ದುಕೊಳ್ಳುವುದು ಆರಂಭವಾದದ್ದು ಊಟ ಬಿಟ್ಟ ಮೇಲೆ. ಆದರೆ ಎರಡು ಅಂಕ ಕಡಿಮೆ ಬಂದರೆ ನಿದ್ದೆಗೆಡುವ ಅಚ್ಚುಕಟ್ಟಿನ ಹಟ ಮಾತ್ರ ಬಾಲ್ಯದಿಂದಲೂ ಇತ್ತು. ನನ್ನ ಮಟ್ಟಿಗೆ, ಡಯೆಟ್‌ಗೂ ಮುಂಚಿನಿಂದ ಇದ್ದ ಆ ಹಟವೇ ಹೆಚ್ಚು ಗಮನಿಸಬೇಕಾದ ವಿಷಯವಾಗಿತ್ತು.

ವ್ಯಕ್ತಿತ್ವ ದೋಷ ಇಲ್ಲವೆಂದು ನಾನು ಹೇಳಲಿಲ್ಲ. ಅಂಥ ದೋಷ ನಿಜವಾಗಿ ಇರುವವರೂ ಅನೇಕರಿದ್ದಾರೆ, ಅವರಿಂದ ಅದನ್ನು ದಾಕ್ಷಿಣ್ಯಕ್ಕಾಗಿ ಮುಚ್ಚಿಡುವುದೂ ಅನ್ಯಾಯವೇ. ಊಟ ಕ್ರಮಕ್ಕೆ ಬಂದು, ವಾಂತಿ ನಿಂತು ಕೆಲವು ತಿಂಗಳಾದ ನಂತರ, ಮನೆಯವರನ್ನೂ ವಿಚಾರಿಸಿ ಮುಖಾಮುಖಿ ಸಂದರ್ಶನದಲ್ಲಿ ಮತ್ತೆ ನೋಡಬೇಕು, ಅಲ್ಲಿಯವರೆಗೆ ಆ ನಿರ್ಣಯವನ್ನು ತಾತ್ಕಾಲಿಕವೆಂದು ನಮೂದಿಸಬೇಕು ಎಂದು ಅವರ ಮನೋವೈದ್ಯರಿಗೆ ಪತ್ರ ಬರೆದೆ. ವಾಂತಿಯಿಂದ ಪೊಟ್ಯಾಸಿಯಂ ಕುಸಿದರೆ ಹೃದಯಕ್ಕೆ ಅಪಾಯವಿರುವುದರಿಂದ ರಕ್ತಪರೀಕ್ಷೆಯನ್ನು ಕೂಡಲೇ ಮಾಡಿಸಲು ಹೇಳಿದೆ. ಕೈ ಕೊಯ್ದುಕೊಳ್ಳುವುದಕ್ಕೆ ಚಿಕಿತ್ಸೆಯನ್ನು ಯಾವ ನಿರ್ಣಯಕ್ಕೂ ಕಾಯಿಸುವಂತಿರಲಿಲ್ಲ. ಭಾವನೆಗಳ ಉಬ್ಬರವನ್ನು ತಾಳಿಕೊಳ್ಳುವ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಮನೋಚಿಕಿತ್ಸೆ) ಅಭ್ಯಾಸಗಳನ್ನು ಆ ವಾರವೇ ಆರಂಭಿಸಿದೆವು. ಪ್ರತಿ ಜಗಳಕ್ಕೂ "ಇದು ನಿನ್ನ ಕಾಯಿಲೆ" ಅನ್ನಬೇಡಿ ಎಂದು ಅಕ್ಕನಿಗೆ ಪ್ರತ್ಯೇಕವಾಗಿ ತಿಳಿಸಿದೆ.

ಮರುಪರಿಶೀಲನೆಯಲ್ಲಿ ಬಾರ್ಡರ್‌ಲೈನ್ ನಿರ್ಣಯಕ್ಕೆ ಬೇಕಾದಷ್ಟು ಲಕ್ಷಣಗಳು ಸಿಗಲಿಲ್ಲ. ಅಚ್ಚುಕಟ್ಟಿನ ಹಟ ಹಾಗೆಯೇ ಇದೆ, ಈಗಿನ ಭೇಟಿಗಳಲ್ಲಿ ನಾವು ಮಾತಾಡುತ್ತಿರುವುದು ಅದರ ಬಗ್ಗೆಯೇ.